ಟೊಲೆಡೊದಲ್ಲಿ ತಪ್ಪಿಸಿಕೊಂಡ ಮೇಷ್ಟ್ರು

ಮೆನು ಕಾರ್ಡು ತಲೆಕೆಳಗಾಗಿದೆ ಅಂತ ಕನಕರಾಜ್‌ಗೆ ಗೊತ್ತಾದದ್ದು ಅದರಲ್ಲಿದ್ದ ಮೀನು ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದ್ದನ್ನು ನೋಡಿದ ಮೇಲೆ. ಸರಿಮಾಡಲಿಲ್ಲ. ಸರಿಮಾಡಲು ಹೋದರೆ ಮುಖ ಕಾಣುತ್ತದೆ, ಮುಖ ಕಂಡರೆ ಮಾಡಿದ ಉಪಾಯವೆಲ್ಲ ಕೆಟ್ಟಿತು.

ಅವನು ಅಡಗಿ ಕೂತಿದ್ದ. ಚಿತ್ರದುರ್ಗದ ಡಿಗ್ರಿ ಕಾಲೇಜಿನಲ್ಲಿ ಇತಿಹಾಸದ ಪ್ರೊಫೆಸರು, ಕೋಟೆಗಳ ಮೇಲೆ ಎರಡು ಪುಸ್ತಕ ಬರೆದವನು, ಸ್ಪೇನ್ ದೇಶದ ಟೊಲೆಡೊ ಎಂಬ ಹಳೇ ಊರಿನ ಚೌಕದಲ್ಲಿ, ಕಾಫಿ ಅಂಗಡಿಯ ಕಂಬದ ಪಕ್ಕ, ಕಟ್ಟಿಕೊಂಡ ಹೆಂಡತಿಗೆ ಕಾಣಬಾರದೆಂದು ಮೆನು ಕಾರ್ಡು ಅಡ್ಡ ಹಿಡಿದು ಕೂತಿದ್ದ. ಚಿಕ್ಕಂದಿನಲ್ಲಿ ಹುಟ್ಟೂರು ಯಲ್ಲದಕೆರೆಯ ಬಣವೆ ಹಿಂದೆ ಕೂತದ್ದು ಬಿಟ್ಟರೆ ಹೀಗೆ ಅಡಗಿದ್ದು ಇದೇ ಮೊದಲು. ಬಣವೆ ಹಿಂದೆ ಕೂತಾಗ ಹುಡುಕುವವರು ಇದ್ದಾರೆ ಎಂಬ ಧೈರ್ಯವಾದರೂ ಇತ್ತು.

ಉಪಾಯ ಸರಳ. ಇವನು ಇಲ್ಲ ಅಂತ ಅವರಿಗೆ ಗೊತ್ತಾಗಬೇಕು. ಗಾಬರಿಯಾಗಬೇಕು. ಸುಮಿತ್ರಾ ಅಳಬೇಕು, ಬಹಳ ಬೇಡ, ವೇಲಿನ ತುದಿ ಕಣ್ಣಿಗೆ ಹೋದರೆ ಸಾಕು. ಟೂರ್ ಮ್ಯಾನೇಜರ್ ಪ್ರದೀಪ್ ಗಲ್ಲಿ ಗಲ್ಲಿ ನುಗ್ಗಿ ಕೂಗಬೇಕು. ಅಷ್ಟಾದ ಮೇಲೆ ಇವನು ನಿಧಾನಕ್ಕೆ ಎದ್ದು, ಬಾಯಿ ಒರೆಸಿಕೊಂಡು, ಅವರ ಮಧ್ಯೆ ಹೋಗಿ ನಿಂತು, "ಏನಾಯ್ತು? ಯಾಕಿಷ್ಟು ಗಲಾಟೆ?" ಅನ್ನಬೇಕು.

ಇಷ್ಟಕ್ಕೆಲ್ಲ ಕಾರಣ ಕಿವಿಗೆ ಸಿಕ್ಕಿಸಿಕೊಳ್ಳುವ ಒಂದು ದರಿದ್ರ ಯಂತ್ರ.

ಹೊರಡುವಾಗ ಹಿಂಗಿರಲಿಲ್ಲ. ದಸರಾ ರಜೆಗೆ 'ಯುರೋಪಿನ ಐತಿಹಾಸಿಕ ನಗರಗಳು' ಅಂತ ಟೂರು ಹಾಕಿ, ದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆಯ ಜನ ಕೂಡಿಸಿದ ಹೊಸದುರ್ಗದ ಪ್ರದೀಪ್ ಮನೆಗೇ ಬಂದಿದ್ದ. "ಸರ್, ನೀವೊಬ್ರು ಬಂದ್ರೆ ನಮ್ಮ ಗ್ರೂಪಿಗೊಂದು ತೂಕ ಬರ್ತೈತೆ" ಅಂದಿದ್ದ. ಕನಕರಾಜ್ ತೂಕವಾಗಿಯೇ ಒಪ್ಪಿಕೊಂಡ. ಮೊದಲ ಊರಿನಲ್ಲಿ ಎಲ್ಲರೂ ಅವನ ಸುತ್ತಲೇ ನಿಂತರು. ಈ ರಾಜ ಯಾರು ಸರ್, ಆ ಗೋಪುರ ಕಟ್ಟಿದ್ಯಾರು ಮೇಷ್ಟ್ರೇ. ಜನ್ಮಪೂರ್ತಿ ನೋಡದೆಯೇ ಪಾಠ ಮಾಡಿದ ಊರುಗಳು ಈಗ ಕಣ್ಣೆದುರಿಗೇ ನಿಂತು ತನ್ನ ಮಾತಿಗೆ ಹೌದು ಹೌದು ಅನ್ನುತ್ತಿವೆ ಅಂತ ಅವನಿಗೆ ಅನ್ನಿಸಿತ್ತು. ಸುಖವಾಗಿತ್ತು, ಸುಳ್ಳೇಕೆ.

ಎರಡನೇ ಊರಿನಲ್ಲಿ ಎಲ್ಲರ ಕೊರಳಿಗೊಂದು ಡಬ್ಬಿ, ಕಿವಿಗೊಂದು ಬಿಲ್ಲೆ ಕೊಟ್ಟರು. ಅಲ್ಲಿಯ ಗೈಡು ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳುವುದು, ಅದೇ ಮೈಕು ತಗೊಂಡು ಪ್ರದೀಪ್ ಕನ್ನಡದಲ್ಲಿ ಹೇಳುವುದು, ಅದು ನೆಟ್ಟಗೆ ಎಲ್ಲರ ಕಿವಿಯೊಳಗೆ ಬಂದು ಬೀಳುವುದು. ಅವತ್ತಿನಿಂದ ಮೇಷ್ಟ್ರು ಯಾರಿಗೂ ಬೇಕಾಗಲಿಲ್ಲ.

ಇವತ್ತು ಬೆಳಿಗ್ಗೆ ಬಸ್ಸಿನಲ್ಲೇ ಶನಿ ಹೆಗಲೇರಿತು. ಎರಡೂ ಕಡೆಯ ಕಿಟಕಿಯಲ್ಲಿ ಬೋಳು ಗುಡ್ಡ, ಕಂದು ಮಣ್ಣು, ಅಲ್ಲೊಂದು ಇಲ್ಲೊಂದು ಕುರುಚಲು ಗಿಡ. ಪಾಪಣ್ಣ ಎದ್ದು ನಿಂತುಬಿಟ್ಟ. ಹಿರಿಯೂರಿನ ಕಡೆ ಕುರಿ ವ್ಯಾಪಾರ ಮಾಡುವ ಆಸಾಮಿ. ಪಂಚೆ ಮೇಲೆ ಜರ್ಕಿನ್ನು, ಕಾಲಿಗೆ ಮಗಳು ಕೊಡಿಸಿದ ಕೆಂಪು ಬೂಟು.

"ಲೇ ಪ್ರದೀಪ, ಇದೇನಪ್ಪ, ಸುತ್ತಾಡ್ಸಿ ಸುತ್ತಾಡ್ಸಿ ವಾಪಸ್ ನಮ್ ಧರ್ಮಪುರಕ್ಕೇ ಕರ್ಕಂಡ್ ಬಂದ್ಯಲ್ಲ! ಇದನ್ ನೋಡಾಕೆ ವಿಮಾನ ಯಾಕೆ ಬೇಕಿತ್ತು, ಕೆಂಪು ಬಸ್ಸು ಇರ್ಲಿಲ್ವಾ?"

ಬಸ್ಸೆಲ್ಲ ನಕ್ಕಿತು. ಸುಮಿತ್ರಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ಈ ಹೆಂಗಸು ಇಷ್ಟು ಜೋರಾಗಿ ನಗಬಲ್ಲಳು ಅಂತ ಕನಕರಾಜ್‌ಗೆ ಗೊತ್ತಾದದ್ದು ವಿಮಾನ ಹತ್ತಿದ ಮೇಲೆಯೇ. ಅವನು ನಗು ಮುಗಿಯುವುದನ್ನು ಕಾದು, ಗಂಟಲು ಸರಿಮಾಡಿಕೊಂಡು, ಇಲ್ಲಿಯ ಮಳೆ ಪ್ರಮಾಣಕ್ಕೂ ನಮ್ಮ ಕಡೆಯ ಮಳೆ ಪ್ರಮಾಣಕ್ಕೂ ಇರುವ ಹೋಲಿಕೆ ಕುರಿತು ನಾಲ್ಕು ಮಾತು ಹೇಳಿದ. ಬಸ್ಸು ಗಪ್‌ಚುಪ್ಪಾಯಿತು. ಹಿಂದಿನ ಸೀಟಿನಲ್ಲಿ ಯಾರೋ ಚಕ್ಕುಲಿ ಮುರಿದರು.

ದೊಡ್ಡ ಚರ್ಚಿನೊಳಗೆ ಇನ್ನೂ ಕೆಟ್ಟಿತು. ಇವನು ಪಾಪಣ್ಣನ ತೋಳು ಹಿಡಿದು, "ಇಲ್ಲಿ ನೋಡ್ರಿ, ಈ ಊರಾಗೆ ಒಂದು ಕಾಲಕ್ಕೆ ಮೂರು ಧರ್ಮದ ಜನ..." ಅಂತ ಶುರುಮಾಡಿದ. ಪಾಪಣ್ಣ ಬಹಳ ಮರ್ಯಾದೆಯಿಂದ ತನ್ನ ಕಿವಿಯ ಬಿಲ್ಲೆ ಮುಟ್ಟಿ ತೋರಿಸಿದ.

"ಆಮೇಲೆ ಹೇಳ್ರಿ ಮೇಷ್ಟ್ರೇ. ಈಗ ಕಿವಿಯಾಗೆ ಆಯಮ್ಮ ಮಾತಾಡ್ತಾಳೆ."

ಆಯಮ್ಮ ಅಂದರೆ ಗೈಡು, ಹಳದಿ ಛತ್ರಿ ಎತ್ತಿ ಹಿಡಿದು ಮುಂದೆ ಹೋಗುವವಳು. ಕನಕರಾಜ್ ಸುಮಿತ್ರಾಳ ಪಕ್ಕ ಸರಿದ. ಅವಳ ತಲೆ ಮೇಲೆ ನಿನ್ನೆ ಕೊಂಡ ಟೋಪಿ.

"ಈಗ ಹೇಳಿದ ಇಸವಿ ತಪ್ಪು" ಅಂದ.

"ಹೂಂ."

"ಸ್ವಲ್ಪ ಅಲ್ಲ, ಪೂರಾ ತಪ್ಪು."

"ರೀ, ಸುಮ್ನಿರ್ರಿ, ಕೇಳ್ಸಲ್ಲ."

ಯಾರ ಮಾತು ಕೇಳಿಸಲ್ಲ ಅಂತ ಅವಳು ಬಿಡಿಸಿ ಹೇಳಲಿಲ್ಲ. ಕನಕರಾಜ್ ಕೇಳಲೂ ಇಲ್ಲ.

ಚರ್ಚಿನಿಂದ ಈಚೆ ಬಂದರೆ ಸಾಲಾಗಿ ಕತ್ತಿ ಅಂಗಡಿಗಳು. ಇಡೀ ಗುಂಪು ಒಂದು ಅಂಗಡಿಗೆ ಮುತ್ತಿಕೊಂಡಿತು. ಪಾಪಣ್ಣ ಕತ್ತಿ ಎತ್ತಿ ಅದರ ಬಾಯಿಗೆ ಹೆಬ್ಬೆರಳು ಸವರಿ, "ಇದರಾಗೆ ಕುರಿ ಕೊಯ್ಯಾಕಾಗಲ್ಲ ಬಿಡ್ರಿ" ಅಂದ. ಮತ್ತೆ ನಗು. ಹೋಗಿಬಿಡಬೇಕು ಅಂತ ಕನಕರಾಜ್‌ಗೆ ಅನ್ನಿಸಿದ್ದು ಆಗ. ಈ ಕ್ಷಣ ನಾನಿಲ್ಲಿಂದ ಮಾಯವಾದರೆ ಇವರಲ್ಲಿ ಒಬ್ಬರಾದರೂ ಹಿಂತಿರುಗಿ ನೋಡುತ್ತಾರೋ ಇಲ್ಲವೋ, ಇವಳು ನೋಡುತ್ತಾಳೋ ಇಲ್ಲವೋ, ಇವತ್ತು ತೀರ್ಮಾನವಾಗಿ ಹೋಗಲಿ.

ಕದ್ದು ಹೋಗುವವನು ಗೋಡೆ ಬದಿಗೆ ಸರಿದು ಹೋಗಬೇಕು. ಇವನು ರಸ್ತೆಯ ಮಧ್ಯದಲ್ಲೇ ಹೋದ. ಕೆಮ್ಮಿದ. ಗಟ್ಟಿಯಾಗಿದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡ. "ಎಲ್ಲಿಗ್ರಿ?" ಅಂತ ಒಂದು ದನಿ ಬಂದರೂ ಸಾಕು, ವಾಪಸ್ ಬಂದುಬಿಡುತ್ತಿದ್ದ. ಬರಲಿಲ್ಲ. ಕಿವಿಯ ಬಿಲ್ಲೆಯಲ್ಲಿ ಆಯಮ್ಮನ ದನಿ ಮಾತ್ರ ಸ್ವಲ್ಪ ದೂರ ಬಂದು, ಗರಗರ ಅಂದು, ನಿಂತುಹೋಯಿತು.

ಎಲ್ಲರೂ ಕೊನೆಗೆ ಸೇರುವ ಜಾಗ ಈ ಚೌಕ ಅಂತ ಮೊದಲೇ ಹೇಳಿದ್ದರಿಂದ ಇಲ್ಲಿ ಬಂದು ಕಂಬದ ಮರೆಗೆ ಕೂತದ್ದು. ಕಾಫಿ ಬಂತು. ಕುಡಿಯಲಿಲ್ಲ. ಮೆನು ಕಾರ್ಡಿನ ಮೇಲಂಚಿನಿಂದ ಗಲ್ಲಿಯ ಬಾಯಿಯನ್ನೇ ನೋಡುತ್ತಿದ್ದ.

ಕಿವಿ ಗರ್ ಅಂತು.

ಬೆಚ್ಚಿಬಿದ್ದ. ಯಂತ್ರಕ್ಕೆ ಮತ್ತೆ ಜೀವ ಬಂದಿತ್ತು. ಗಲ್ಲಿಯಿಂದ ಮೊದಲು ಹಳದಿ ಛತ್ರಿ, ಅದರ ಹಿಂದೆ ಕೆಂಪು ಬೂಟು, ಆಮೇಲೆ ಟೋಪಿ. ಪ್ರದೀಪ್ ಮೈಕು ಇಸಕೊಂಡು ತಲೆ ಎಣಿಸಿದ. ಎರಡನೇ ಸಲ ಎಣಿಸಿದ.

"ಒಬ್ರು ಕಮ್ಮಿ ಬರ್ತಾ ಅವ್ರಲ್ಲ" ಅಂತು ಕಿವಿಯೊಳಗೆ ಪ್ರದೀಪನ ದನಿ.

ಕನಕರಾಜ್ ಕಾರ್ಡಿನ ಮರೆಯಲ್ಲೇ ಮುಂದಕ್ಕೆ ಬಾಗಿದ. ಈಗ. ಈಗ ನೋಡಬೇಕು ಮಜ.

ಸುಮಿತ್ರಾ ಪ್ರದೀಪನ ಹತ್ತಿರ ಬಂದಳು. ಮೈಕು ಅವನ ಕೈಯಲ್ಲೇ ಇತ್ತು. ಅವಳ ಮಾತು, ಅಷ್ಟಗಲದ ಚೌಕ ದಾಟಿ, ಗಂಡನ ಕಿವಿಯೊಳಗೆ ಗುಟ್ಟು ಹೇಳಿದಷ್ಟು ಹತ್ತಿರದಿಂದ ಕೇಳಿಸಿತು.

"ಬಿಡಿ, ಬರ್ತಾರೆ."

ಪಾಪಣ್ಣ ಏನೋ ಅಂದ, ಅದು ಕೇಳಿಸಲಿಲ್ಲ. ನಾಲ್ಕಾರು ಜನ ನಕ್ಕಿದ್ದು ಕೇಳಿಸಿತು. "ಹಂಗಾರೆ ನಡೀರಿ, ಹೋಗಾಣ" ಅಂದ ಪ್ರದೀಪ್. ಛತ್ರಿ ಮೇಲೆದ್ದಿತು. ಗುಂಪು ಇಳಿಜಾರಿನ ಕಡೆ ಹೊರಟಿತು. ಕಿವಿಯಲ್ಲಿ ಗರಗರ, ಆಮೇಲೆ ಅದೂ ಇಲ್ಲ.

ಕನಕರಾಜ್ ಮೆನು ಕಾರ್ಡು ಮೇಜಿನ ಮೇಲಿಟ್ಟ. ಇನ್ನು ಅಡಗುವ ಅಗತ್ಯ ಇರಲಿಲ್ಲ.

ಯಾವ ದನಿ ಅದು? ಅವನು ನೆನಪಿನಲ್ಲಿ ಮತ್ತೆ ಮತ್ತೆ ಹಾಕಿ ಕೇಳಿದ. ಕೋಪವೇ? ಅಲ್ಲ. ಬೇಜಾರೇ? ಅದೂ ಅಲ್ಲ. ಪಾತ್ರೆ ತೊಳೆಯುವವಳು ಇವತ್ತು ಬರಲ್ಲ ಅಂತ ಫೋನು ಬಂದಾಗ ಸುಮಿತ್ರಾ 'ಬಿಡು' ಅನ್ನುವುದು ಇದೇ ದನಿಯಲ್ಲಿ. ಅಷ್ಟೇ ತಣ್ಣಗೆ, ಅಷ್ಟೇ ಸಲೀಸಾಗಿ. ಫೋನಾದರೂ ಮಾಡುತ್ತಿದ್ದಳೇನೋ, ಆದರೆ ವಿದೇಶದ ಸಿಮ್ಮು ಇದ್ದದ್ದು ಅವಳ ಫೋನಿಗೊಂದೇ. ಇಬ್ಬರಿಗ್ಯಾಕೆ, ದಂಡ, ಅಂದವನು ಇವನೇ.

ಕಾಫಿ ತಂದವನು ಬಂದು, ಎದುರಿನ ಖಾಲಿ ಕುರ್ಚಿ ತೋರಿಸಿ, ತಗೊಂಡು ಹೋಗಲಾ ಅಂತ ಕೈಸನ್ನೆ ಮಾಡಿದ. ಪಕ್ಕದ ಮೇಜಿಗೆ ಯಾರದೋ ಸಂಸಾರ ಬಂದು ಕುರ್ಚಿ ಸಾಲದೆ ನಿಂತಿತ್ತು. ಕನಕರಾಜ್ ಹೂಂ ಅಂದ.

ಕಾಫಿಯ ದುಡ್ಡಿಟ್ಟು ಎದ್ದು ನಡೆದ. ಒಳ್ಳೇದೇ ಆಯಿತು ಅಂದುಕೊಂಡ. ಈ ಕುರಿಮಂದೆಯ ಕಾಟವಿಲ್ಲದೆ ಒಬ್ಬನೇ ಊರು ನೋಡಬಹುದು. ಜೀವಮಾನವೆಲ್ಲ ಓದಿದ ಊರು. ಒಂದು ಗೋಡೆಯ ಮುಂದೆ ನಿಂತ. ಗೋಡೆ ಇತ್ತು. ಒಂದು ಗೋಪುರದ ಮುಂದೆ ನಿಂತ. ಗೋಪುರವೂ ಇತ್ತು. ಅದರ ಕಥೆಯೆಲ್ಲ ಅವನಿಗೆ ಗೊತ್ತು. ಆದರೆ ಪಕ್ಕದಲ್ಲಿ ಯಾರಿಗಾದರೂ ಹೇಳದ ಹೊರತು ಅದು ಬರೀ ಕಲ್ಲು. ತಾನು ಇಷ್ಟು ವರ್ಷ ನೋಡಿದ್ದು ಕೋಟೆಗಳನ್ನೋ, ತನ್ನ ಮಾತು ಕೇಳುತ್ತ ನಿಂತವರ ಮುಖಗಳನ್ನೋ? ಈ ಪ್ರಶ್ನೆ ಅವನಿಗೆ ಇಷ್ಟವಾಗಲಿಲ್ಲ. ಮುಂದೆ ನಡೆದ.

ಇಳಿಜಾರಿನಲ್ಲಿ ಕುದುರೆ ಲಾಳದ ಆಕಾರದ ಕಮಾನಿರುವ ಒಂದು ಹಳೇ ಬಾಗಿಲು. ಅದರೆದುರು ನಿಂತವನ ಬಾಯಿಂದ ತನಗೇ ಗೊತ್ತಿಲ್ಲದೆ ಮಾತು ಹೊರಬಿತ್ತು. "ಇಲ್ಲಿ ಗಮನಿಸಿ" ಅಂದ. ಕನ್ನಡದಲ್ಲಿ, ಗಟ್ಟಿಯಾಗಿ, ಬೆರಳು ಎತ್ತಿ. "ಬಾಗಿಲಿಗೆ ನೇರ ದಾರಿ ಇಲ್ಲ. ಯಾಕೆ? ನಮ್ಮ ದುರ್ಗದಲ್ಲೂ ಹೀಗೇ. ದಾರಿ ತಿರುಗಿ ತಿರುಗಿ ಬರಬೇಕು. ಆನೆ ಓಡಿ ಬಂದು ಗುದ್ದೋಕೆ ಜಾಗ ಇರಬಾರದು."

ಹಿಂದೆ ಯಾರೋ ಉಸಿರು ಬಿಟ್ಟ ಹಾಗಾಯಿತು. ತಿರುಗಿದರೆ, ವಯಸ್ಸಾದ ದಂಪತಿ, ಜಪಾನಿನವರೋ ಕೊರಿಯಾದವರೋ. ಇವನ ಕೊರಳ ಡಬ್ಬಿ, ಎದೆಯ ಮೇಲೆ ನೇತಾಡುವ ಟೂರಿನ ಬ್ಯಾಡ್ಜು, ಎತ್ತಿದ ಬೆರಳು ನೋಡಿ ಗೈಡು ಅಂದುಕೊಂಡು ನಿಂತಿದ್ದರು. ಹೆಂಗಸು ತಲೆಬಾಗಿ, ಮುಂದುವರಿಸಿ ಎಂಬಂತೆ ನೋಡಿದಳು.

ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಮುಂದುವರಿಸಿದ. ಸುಣ್ಣದ ಗಾರೆ, ಕಾವಲು ಗೂಡು, ಎಣ್ಣೆ ಕೊಳ, ಬೆಟ್ಟದ ಮೇಲೆ ಮಳೆನೀರು ಹಿಡಿಯುವ ಹೊಂಡ, ಮುತ್ತಿಗೆ ಬಿದ್ದಾಗ ಒಳಗಿನವರ ಹಸಿವು. ಅವನ ಜೀವನದಲ್ಲೇ ಅಷ್ಟು ಚೆಂದದ ಪಾಠ ಅವನು ಮಾಡಿರಲಿಲ್ಲ. ದನಿ ನಡುಗಿತು, ಏರಿತು, ಇಳಿಯಿತು. ಮುದುಕ ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೆ ಇಬ್ಬರೂ ಮೆತ್ತಗೆ ಚಪ್ಪಾಳೆ ತಟ್ಟಿದರು. ಹೆಂಗಸು ಅವನ ಅಂಗೈಗೆ ಒಂದು ನಾಣ್ಯ ಇಟ್ಟಳು.

ಅವರು ಕಾಣದಷ್ಟು ದೂರ ಹೋಗುವವರೆಗೆ ಅಂಗೈ ಮುಚ್ಚದೆ ನಿಂತಿದ್ದ. ತನ್ನ ಮಾತನ್ನು ಪೂರ್ತಿ ಕೇಳಿದ ಇಬ್ಬರೇ ಇಬ್ಬರು ಮನುಷ್ಯರಿಗೆ ಅದರ ಒಂದು ಅಕ್ಷರವೂ ತಿಳಿದಿರಲಿಲ್ಲ. ಅಯ್ಯೋ, ನಗು ಬಂತು. ನಕ್ಕ. ಒಬ್ಬನೇ ನಕ್ಕಾಗ ಆ ಗಲ್ಲಿಯಲ್ಲಿ ಸಪ್ಪಳ ಬಹಳವಾಯಿತು, ನಿಲ್ಲಿಸಿದ.

ನಾಣ್ಯ ಹಾಕಲು ಅಂಗಿ ಜೇಬಿಗೆ ಕೈಬಿಟ್ಟರೆ ಹೋಟೆಲಿನ ವಿಳಾಸದ ಕಾರ್ಡು ಸಿಕ್ಕಿತು. ತಾನು ಇಟ್ಟುಕೊಂಡ ನೆನಪಿಲ್ಲ. ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡಿ ಕೊಟ್ಟವಳು ಸುಮಿತ್ರಾ. ಒಂದು ಗಳಿಗೆ ಎದೆ ತುಂಬಿ ಬಂತು. ಮರುಗಳಿಗೆಗೇ ಅನುಮಾನ ಹೊಕ್ಕಿತು: ನಾನು ಕಳೆದುಹೋಗುತ್ತೇನೆ ಅಂತ ಬೆಳಿಗ್ಗೆಯೇ ಇವಳಿಗೆ ಹೇಗೆ ಗೊತ್ತು?

ಹೋಟೆಲು ಹಳೇ ಊರಿನ ಗೋಡೆಯಿಂದಾಚೆ, ಸೇತುವೆ ದಾಟಿ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡ. ದಾರಿ ತಪ್ಪಿತು ಅನ್ನಬೇಕೋ, ಬೇಕಂತಲೇ ಹೋದೆ ಅನ್ನಬೇಕೋ? ದಾರಿ ತಪ್ಪಿತು ಅಂದರೆ ಮರ್ಯಾದೆ ಹೋಗುತ್ತೆ. ಬೇಕಂತಲೇ ಅಂದರೆ, ಯಾಕೆ ಅಂತ ಕೇಳುತ್ತಾರೆ. ಕೇಳಲಿ, ಕೇಳಲೇಬೇಕು. ಒಳಗೆ ಕಾಲಿಡುವಷ್ಟರಲ್ಲಿ ಸಂಜೆಗತ್ತಲು.

ಅದು ಸಣ್ಣ ಹೋಟೆಲು. ಬಾಗಿಲು ದಾಟಿದರೆ ಒಂದೇ ದೊಡ್ಡ ಹಾಲು, ಅಲ್ಲೇ ಊಟದ ಮೇಜು. ಟೂರಿನವರದೇ ಅಡುಗೆ. ಎಲ್ಲರೂ ಅನ್ನ ಸಾರು ಕಲಸುತ್ತಿದ್ದರು.

"ಬಂದ್ರಾ ಮೇಷ್ಟ್ರೇ? ಬರ್ರಿ, ಕುಂತ್ಕಳ್ರಿ. ಆರೋಗ್ತೈತೆ" ಅಂದ ಪಾಪಣ್ಣ.

ಅಷ್ಟೇ.

ಪಾಪಣ್ಣನ ಹೆಂಡತಿ ಬರಗೇರಮ್ಮ ಶೇಂಗಾ ಚಟ್ನಿಪುಡಿಯ ಡಬ್ಬಿ ಇವನ ಕಡೆ ತಳ್ಳಿದಳು. ಸುಮಿತ್ರಾ ತಟ್ಟೆ ಇಟ್ಟು ಬಡಿಸಿದಳು. ಯಾರೂ ಏನೂ ಕೇಳಲಿಲ್ಲ. ನಾಳೆ ಎಷ್ಟು ಹೊತ್ತಿಗೆ ಬಸ್ಸು, ಬಿಸಿನೀರು ಬರುತ್ತೋ ಇಲ್ಲವೋ, ಇವೇ ಮಾತು. ಕನಕರಾಜ್ ಮೂರು ತುತ್ತು ತಿಂದ. ನಾಲ್ಕನೆಯದನ್ನು ಕಲಸುತ್ತಲೇ ಕೂತ.

"ಯಾರೂ ಹುಡುಕ್ಲಿಲ್ವಾ?" ಅಂದ, ತಟ್ಟೆಗೆ ಹೇಳಿದ ಹಾಗೆ.

"ಏನನ್ನ?" ಅಂದಳು ಸುಮಿತ್ರಾ.

"ನನ್ನ."

ಬರಗೇರಮ್ಮ ನಕ್ಕುಬಿಟ್ಟಳು. "ಹುಡುಕಾಕೆ ನೀವೇನ್ ಕಳೆದೋಗಿದ್ರಾ ಸಾರ್? ಕತ್ತಿ ಅಂಗ್ಡಿ ತಾವ್ ನೀವು ಹೊಂಟಿದ್ದು ಪ್ರದೀಪ ಒಬ್ಬ ಬಿಟ್ರೆ ನಾವೆಲ್ರೂ ನೋಡಿದ್ವಲ್ಲ."

"ನೋಡಿದ್ರಾ?"

"ಕೆಮ್ಮಿದ್ರಲ್ರೀ, ನೋಡ್ದಂಗೆ ಇರಾಕಾಗ್ತೈತಾ?" ಅಂದ ಪಾಪಣ್ಣ. "ನಾನು ಕರಿಯಾಕೆ ಬಾಯಿ ತೆಗ್ದೆ, ಇವ್ಳು ಪಕ್ಕೆಗೆ ತಿವಿದ್ಲು ನೋಡ್ರಿ, ಇನ್ನೂ ನೋಯ್ತೈತೆ."

"ಮತ್ತೆ? ಹೊಂಟೋರನ್ನ ಹಿಂದ್ಲಿಂದ ಕರೀತಾರಾ?" ಅಂದಳು ಬರಗೇರಮ್ಮ. "ಎಲ್ಲಿಗೆ ಅಂತ ಕೇಳ್ತಾರಾ? ಹೋದ ಕೆಲ್ಸ ಆಗಲ್ಲ. ಏನ್ ಕೆಲ್ಸದ ಮೇಲೆ ಹೊಂಟಿದ್ರೋ, ಪರದೇಶ ಬೇರೆ. ಬಾಯಿ ಮುಚ್ಕಂಡು ನಿಂತ್ಕಂಡ್ವಿ. ಹೋಗಿದ್ದ ಕೆಲ್ಸ ಆಯ್ತಾ ಸಾರ್?"

ಅಂದರೆ ಅಷ್ಟೂ ಜನ, ಕೈಯಲ್ಲಿ ಕತ್ತಿ ಹಿಡಿದುಕೊಂಡು, ಇವನು ಲೇಸು ಬಿಚ್ಚಿ ಕಟ್ಟಿಕೊಂಡದ್ದನ್ನು ನೋಡುತ್ತ, ಇವನ ಒಳ್ಳೆಯದಕ್ಕೇ ಉಸಿರು ಬಿಗಿಹಿಡಿದು ನಿಂತಿದ್ದರು. ಇವನು ಅಲ್ಲಿ ಒಂದು ಕೂಗಿಗಾಗಿ ಸಾಯುತ್ತಿದ್ದ.

ಸುಮಿತ್ರಾಳ ಕಡೆ ನೋಡಿದ. ಅವಳು ಉಪ್ಪಿನಕಾಯಿ ಹುಡುಕುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಇವಳೂ ಹಾಗೇ ಇದ್ದಳು, ಹೊರಟವನನ್ನು ಎಲ್ಲಿಗೆ ಅಂತ ಕೇಳುತ್ತಿರಲಿಲ್ಲ. "ಮೂಢನಂಬಿಕೆ, ಓದಿದವಳು ನೀನು, ಧೈರ್ಯವಾಗಿ ಕೇಳು" ಅಂತ ತಿದ್ದಿದವನು ಇವನು. ಕೇಳತೊಡಗಿದಳು. "ಎಲ್ಲದಕ್ಕೂ ನಿನಗೆ ಲೆಕ್ಕ ಒಪ್ಪಿಸಬೇಕಾ?" ಅಂತ ರೇಗಿದವನೂ ಇವನೇ. ಕೇಳುವುದು ಬಿಟ್ಟಳು. ಆಮೇಲೆ ಸುಮ್ಮನಿದ್ದದ್ದು ಹಳೇ ನಂಬಿಕೆಗೋ, ಬೇಜಾರಿಗೋ, ಅಂತ ಇಷ್ಟು ವರ್ಷದಲ್ಲಿ ಅವನಿಗೆ ಒಂದು ದಿನವೂ ಯೋಚನೆ ಬಂದಿರಲಿಲ್ಲ.

"ನೀನೂ ಅದಕ್ಕೇ ಕರೀಲಿಲ್ವಾ?" ಅಂದ.

"ಸಾರು ಹಾಕ್ಲಾ?"

"ಕೇಳಿದ್ದಕ್ಕೆ ಹೇಳು."

"ಏನ್ ಹೇಳ್ಲಿ? ಬಂದ್ರಲ್ಲ."

"ನೀನು 'ಬಿಡಿ' ಅಂದ್ಯಲ್ಲ."

ಸುಮಿತ್ರಾಳ ಕೈ ನಿಂತಿತು. "ಯಾರ್ ಹೇಳಿದ್ರು?"

ಸಿಕ್ಕಿಬಿದ್ದ. ಕೇಳಿಸಿತು ಅಂದರೆ ಅಲ್ಲೇ ಇದ್ದೆ ಅಂದ ಹಾಗಾಗುತ್ತದೆ. ಕಂಬ, ಮೆನು ಕಾರ್ಡು, ಹೊಟ್ಟೆ ಮೇಲಾದ ಮೀನು, ಎಲ್ಲ ಈಚೆ ಬರುತ್ತದೆ. ಪಾಪಣ್ಣ ಅದನ್ನು ಹಿರಿಯೂರಿನ ಸಂತೆಯಲ್ಲಿ ವರ್ಷಗಟ್ಟಲೆ ಹೇಳುತ್ತಾನೆ.

"ಯಾರೋ ಅಂದ್ರು" ಅಂದ.

"ಯಾರೋ ಅಂದಿದ್ದಕ್ಕೆಲ್ಲ ತಲೆ ಕೆಡಿಸ್ಕೋಬ್ಯಾಡ್ರಿ. ಊಟ ಮಾಡ್ರಿ." ಅವಳ ಮುಖದಲ್ಲಿ ತುಂಟತನ ಹಾದುಹೋದ ಹಾಗೆ ಕಂಡಿತು. ಅಥವಾ ದೀಪದ ಬೆಳಕೋ ಏನೋ.

ಅವನಿಗೆ ತಡೆಯಲಾಗಲಿಲ್ಲ. ಅವಳ ಮೌನದೊಳಗೆ ಏನಿದೆ ಅಂತ ಗೊತ್ತಾಗಬೇಕು, ಈಗಲೇ, ಇವರೆಲ್ಲರ ಎದುರಿಗೇ. ಕೈ ತೊಳೆದುಕೊಂಡು ಬಂದು ಮೇಜಿನ ಹತ್ತಿರ ನಿಂತ.

"ಹೋಗ್ತೀನಿ" ಅಂದ.

ಬರಗೇರಮ್ಮನ ಕೈ ಎದೆಗೆ ಹೋಯಿತು. ಹೋಗಿಬರ್ತೀನಿ ಅನ್ನದೆ ಬರೀ ಹೋಗ್ತೀನಿ ಅಂತ ಮನೆಯೊಳಗೆ ಯಾರೂ ಅನ್ನುವುದಿಲ್ಲ. ಕನಕರಾಜ್‌ಗೂ ಅದು ಗೊತ್ತು. ಸುಮಿತ್ರಾ ತಲೆ ಎತ್ತಿದಳು. ಅವಳ ಮುಖ ಓದುವಷ್ಟರಲ್ಲಿ ಇವನ ಧೈರ್ಯ ಮುಗಿಯಿತು. ತಿರುಗಿ ಬಾಗಿಲ ಕಡೆ ಹೊರಟ.

ಹಿಂದಿನಿಂದ ಯಾರೂ ಕರೆಯಲಿಲ್ಲ. ತಟ್ಟೆಗಳ ಸದ್ದೂ ನಿಂತಿತು.

ಬಾಗಿಲು ಗಾಜಿನದು. ಆಚೆ ಕತ್ತಲು, ಈಚೆ ದೀಪ. ಗಾಜಿನೊಳಗೆ ಕನ್ನಡಿಯಲ್ಲಿ ಕಂಡ ಹಾಗೆ ಬೆನ್ನ ಹಿಂದಿನ ಇಡೀ ಊಟದ ಮೇಜು ಕಾಣುತ್ತಿತ್ತು. ಎಲ್ಲರೂ ಇವನ ಬೆನ್ನನ್ನೇ ನೋಡುತ್ತಿದ್ದರು. ಸುಮಿತ್ರಾ ಎದ್ದು ನಿಂತಿದ್ದಳು. ಅವಳ ಮೊಣಕೈ ಮೇಲೆ ಬರಗೇರಮ್ಮನ ಕೈ. ಸುಮಿತ್ರಾಳ ಬಾಯಿ ತೆರೆದಿತ್ತೇ? ದೂರಕ್ಕೆ ಮುಖ ಕಲಸಿ ಹೋಗಿತ್ತು. ಇನ್ನೊಂದು ಹೆಜ್ಜೆ ಮುಂದೆ ಇಟ್ಟರೆ ಕಾಣುತ್ತದೆ.

ಇಟ್ಟ. ಇವನು ಬಂದದ್ದು ತಿಳಿದು ಬಾಗಿಲು ತಾನಾಗಿ ಎರಡು ಪಾಲಾಗಿ ಸರಿಯಿತು. ಅರ್ಧ ಮೇಜು ಒಂದು ಕಡೆ ಹೋಯಿತು, ಅರ್ಧ ಇನ್ನೊಂದು ಕಡೆ. ಎದುರಿಗೆ ಕತ್ತಲು, ತಣ್ಣನೆ ಗಾಳಿ.

ಹಿಂದಕ್ಕೆ ಸರಿದ. ಬಾಗಿಲು ಕೂಡಿಕೊಂಡಿತು. ಮೇಜು ಬಂತು, ಮುಖಗಳು ಬಂದವು, ಅವಳು ನಿಂತೇ ಇದ್ದಳು, ಬಾಯಿ ಕಾಣುವಷ್ಟು ಸ್ಪಷ್ಟವಿಲ್ಲ. ಮುಂದೆ ಸರಿದ. ಬಾಗಿಲು ಅವಳನ್ನು ಎಳೆದುಕೊಂಡು ಹೋಯಿತು.

ತಿರುಗಿ ನೋಡಬಹುದಿತ್ತು. ಕನಕರಾಜ್ ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಇಡುತ್ತ ಅಲ್ಲೇ ನಿಂತ. ಬಾಗಿಲು ತೆರೆಯಿತು, ಮುಚ್ಚಿತು, ತೆರೆಯಿತು.